ಮೇಲ್ಮನವಿಗೆ ಬಂದ ಕಾಮಾಲೆ

ಕಳೆದ ಆಷಾಢದಲ್ಲಿ ನನ್ನ ತಮ್ಮನಿಗೆ ಕಾಮಾಲೆ ಆಗಿತ್ತೇ ಎಂದು ಯಾರಾದರೂ ಕೇಳಿದರೆ ನಾನು ತಕ್ಷಣ ಉತ್ತರ ಕೊಡುವುದಿಲ್ಲ. ಮೊದಲು ಕೇಳುತ್ತಿರುವವರು ಯಾರು ಎಂದು ನೋಡುತ್ತೇನೆ. ಕೋರ್ಟಿನ ಕಡೆಯವರಾದರೆ, ಆಗಿತ್ತು. ಮದುವೆ ಮನೆಯವರಾದರೆ, ಅಂಥದ್ದೇನಿಲ್ಲ, ಸ್ವಲ್ಪ ಸುಸ್ತಾಗಿತ್ತು ಅಷ್ಟೆ. ನಾನೇ ನನ್ನನ್ನು ಕೇಳಿಕೊಂಡಾಗ ಮಾತ್ರ ಏನು ಹೇಳಬೇಕೆಂದು ತೋಚುವುದಿಲ್ಲ. ನಾನು ಶ್ರೀರಂಗಪಟ್ಟಣದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಒಂದು ಘಟನೆಯನ್ನು ಕಣ್ಣಾರೆ ಕಂಡವರು ನಾಲ್ಕು ಜನ ಇದ್ದರೆ ನಾಲ್ಕು ಘಟನೆಗಳು ನಡೆದಿರುತ್ತವೆ, ಆದ್ದರಿಂದ ಕಂಡವರನ್ನು ಅತಿಯಾಗಿ ನಂಬಬೇಡಿ ಎಂದು ವರ್ಷಾವರ್ಷ ಮಕ್ಕಳಿಗೆ ಹೇಳುತ್ತೇನೆ. ದಿನಚರಿ ಬರೆಯುವ ಅಭ್ಯಾಸವೂ ಇದೆ. ಆದರೆ ಅದರಲ್ಲಿ ಇರುವುದು ಹೆಚ್ಚಾಗಿ ಹಾಲಿನವನ ಮೇಲಿನ ಸಿಟ್ಟು ಮತ್ತು ಹವಾಮಾನ. ಹವಾಮಾನ ಕೂಡ ಆ ಹೊತ್ತು ನನಗೆಷ್ಟು ಸೆಕೆಯಾಗಿತ್ತು ಎಂಬುದರ ಮೇಲೆ ಹೋಗುತ್ತದೆ. ಇಂಥವಳನ್ನು ಹಿಡಿದು ತಂದು, ಪ್ರಮಾಣ ಮಾಡಿಸಿ, ನಿನ್ನ ತಮ್ಮನ ಕಣ್ಣು ಯಾವ ಬಣ್ಣ ಇತ್ತು ಹೇಳು ಎಂದರೆ ಏನಾಗಬೇಕೋ ಅದೇ ಆಯಿತು.

ತಮ್ಮನ ಹೆಸರು ನಂಜೇಶ. ಕೆ.ಆರ್. ಪೇಟೆಯಲ್ಲಿ ಅಡುಗೆ ಕಂಟ್ರಾಕ್ಟರು. ನಮ್ಮ ಕಡೆ ಮದುವೆ ಹೇಗೆ ನಡೆಯಿತು ಎಂದು ಯಾರೂ ಕೇಳುವುದಿಲ್ಲ, ಅದಾದ ಮೇಲಿನ ಬೀಗರ ಊಟ ಹೇಗಿತ್ತು ಎಂದು ಕೇಳುತ್ತಾರೆ. ಆ ಊಟಕ್ಕೆ ನಂಜೇಶನ ಮಟನ್ ಸಾರು, ರಾಗಿಮುದ್ದೆ ಆಗಬೇಕು ಎಂದು ಕಾಯುವವರು ನಾಗಮಂಗಲದಿಂದ ಪಾಂಡವಪುರದವರೆಗೆ ಇದ್ದರು. ಅವನ ಆಸ್ತಿ ಎಂದರೆ ಒಂದು ತಾಮ್ರದ ಕೊಪ್ಪರಿಗೆ. ಅದರಲ್ಲಿ ಒಬ್ಬರು ಕಾಲು ಮಡಿಸಿ ಕುಳಿತು ಆರಾಮವಾಗಿ ಸ್ನಾನ ಮಾಡಬಹುದು. ಯಾರೂ ಮಾಡಿಲ್ಲ ಎಂದು ನಂಬಿದ್ದೇನೆ. ಮುದ್ದೆ ತೊಳಸಲು ದೋಣಿಯ ಹುಟ್ಟಿನಷ್ಟು ಉದ್ದದ ಒಂದು ದೊಣ್ಣೆಯೂ ಇತ್ತು. ಇಷ್ಟರಲ್ಲಿ ಸುಖವಾಗಿದ್ದವನಿಗೆ ಒಂದು ದಿನ, ಬೆಂಕಿಯ ಮುಂದೆ ನಿಂತು ಬೇಯುವವನು ನಾನು, ನೆರಳು ಬಾಡಿಗೆಗೆ ಕೊಟ್ಟು ಕುಳಿತು ತಿನ್ನುವವನು ಶಾಮಿಯಾನದವನು ಎಂಬ ಜ್ಞಾನೋದಯವಾಯಿತು. ಸಿಕ್ಕಸಿಕ್ಕಲ್ಲಿ ಸಾಲ ಮಾಡಿ ಶಾಮಿಯಾನ, ಕುರ್ಚಿ, ರಾಜರಾಣಿ ಸೋಫಾ ತಂದ. ಬೆಳ್ಳೂರು ಕ್ರಾಸಿನ ಹತ್ತಿರ ಮೊದಲ ಬಾಡಿಗೆ. ಅಲ್ಲಿಯ ಗಾಳಿಗೆ ಶಾಮಿಯಾನ ಎದ್ದು ಹೆದ್ದಾರಿಗೆ ಹಾರಿ, ಹೋಗುತ್ತಿದ್ದ ಲಾರಿಯೊಂದರ ಮೇಲೆ ಕುಳಿತು ಹಾಸನದ ಕಡೆ ಹೋಯಿತು. ಲಾರಿಯವನಿಗೆ ಕೊನೆಗೂ ಗೊತ್ತಾಯಿತೋ ಇಲ್ಲವೋ ತಿಳಿಯದು. ಉಳಿದ ವ್ಯಾಪಾರವೂ ಹೆಚ್ಚು ತಡಮಾಡದೆ ಅದೇ ದಿಕ್ಕಿಗೆ ಹೋಯಿತು.

ಆಗ ಯಾರೋ ಅವನ ಕಿವಿಯಲ್ಲಿ ದಿವಾಳಿ ಅರ್ಜಿಯ ವಿಷಯ ಊದಿದರು. "ಕೋರ್ಟ್ನೋರೇ ಪಾಪರ್ ಅಂತ ಬರ್ದು ಕೊಡ್ತಾರಂತೆ ಕಣಕ್ಕ. ಆಮ್ಯಾಕೆ ಒಬ್ರೂ ಮನೆ ಮುಂದೆ ಬಂದು ನಿಂತ್ಕಳಂಗಿಲ್ಲ" ಎಂದು, ಎಸ್ಸೆಸ್ಸೆಲ್ಸಿ ಪಾಸಾದವನ ಸಂಭ್ರಮದಲ್ಲಿ ನನಗೆ ಫೋನು ಮಾಡಿದ. ಆ ಪರೀಕ್ಷೆ ಅವನು ಪಾಸಾಗಿರಲಿಲ್ಲವಾದ್ದರಿಂದ ಇದಾದರೂ ಆಗಲಿ ಎಂದುಕೊಂಡೆ. ಆಯಿತು ಕೂಡ. ಆದರೆ ದಿವಾಳಿಯಾದವನ ಸೊತ್ತನ್ನು ವಶಕ್ಕೆ ತೆಗೆದುಕೊಳ್ಳಲು ಕೋರ್ಟು ಒಬ್ಬ ರಿಸೀವರನ್ನು ನೇಮಿಸುತ್ತದೆ ಎಂಬ ಭಾಗವನ್ನು ಕಿವಿಯಲ್ಲಿ ಊದಿದವರು ಊದಿರಲಿಲ್ಲ. ರಿಸೀವರು ಬಂದು ಕುರ್ಚಿ, ಸೋಫಾ ಜೊತೆಗೆ ಕೊಪ್ಪರಿಗೆಯನ್ನೂ ದೊಣ್ಣೆಯನ್ನೂ ಟೆಂಪೋಗೆ ಹಾಕಿಸಿದರು. ಕಸುಬಿನ ಸಲಕರಣೆಯನ್ನು ಮುಟ್ಟುವಂತಿಲ್ಲ ಎಂದು ಕಾನೂನಿದೆ. ನಂಜೇಶ ಅದನ್ನೇ ಹೇಳಿಕೊಂಡ. ಆದರೆ ಅರ್ಜಿಯಲ್ಲಿ ಕಸುಬು ಎಂಬ ಜಾಗದಲ್ಲಿ ಅವನೇ ಠೀವಿಯಿಂದ 'ಶಾಮಿಯಾನ ಮಾಲೀಕರು' ಎಂದು ಬರೆಸಿದ್ದ. ಶಾಮಿಯಾನ ಮಾಲೀಕನಿಗೆ ಕೊಪ್ಪರಿಗೆ ಯಾತಕ್ಕೆ, ಅದು ಬರಿಯ ಆಸ್ತಿ, ಹರಾಜಾಗಲಿ ಎಂದು ಕೋರ್ಟು ಆದೇಶ ಮಾಡಿತು. ನಾನು ನ್ಯಾಯಾಧೀಶೆಯಾಗಿದ್ದರೂ ಹಾಗೇ ಬರೆಯುತ್ತಿದ್ದೆ. ಕೊಪ್ಪರಿಗೆ ಹರಾಜಾದರೆ ನಂಜೇಶ ಬಾಳಿ ಬದುಕುವ ಒಂದೇ ದಾರಿ ಮುಚ್ಚಿದಂತೆ. ಆದ್ದರಿಂದ ಮೇಲಿನ ಕೋರ್ಟಿಗೆ ಹೋಗಬೇಕಾಯಿತು.

ಪಾಂಡವಪುರದಲ್ಲಿ ಗೊಬ್ಬರದ ಅಂಗಡಿಯ ಮೇಲೆ ಲಾಯರ್ ಜವರಯ್ಯನವರ ಆಫೀಸು. ಮನೆಯಲ್ಲಿ ಓದಿದವಳು ನಾನೊಬ್ಬಳೇ ಆದ್ದರಿಂದ, ಓದಿದ್ದು ಯಾವ ವಿಷಯವಾದರೇನು ಎಂದು ನಂಜೇಶ ನನ್ನನ್ನೂ ಎಳೆದುಕೊಂಡು ಹೋದ. ಜವರಯ್ಯನವರು ಮೇಲ್ಮನವಿಯ ವಿಧಿವಿಧಾನಗಳನ್ನು ಬೆರಳು ಮಡಿಸುತ್ತಾ ವಿವರಿಸಿದರು. ಮೊದಲು ಆದೇಶದ ದೃಢೀಕೃತ ನಕಲು. ಆಮೇಲೆ ಮನವಿ, ಅದರಲ್ಲಿ ಕೆಳಕೋರ್ಟು ಎಲ್ಲೆಲ್ಲಿ ತಪ್ಪಿತು ಎಂಬ ಆಧಾರಗಳು. ವಕಾಲತ್ತು. ಸ್ಟಾಂಪು. ಒಂದು ಕೈ ಮುಗಿಯಿತು. ಇನ್ನೊಂದರಲ್ಲಿ ಕಾಫಿ ಲೋಟ ಇದ್ದುದರಿಂದ ಉಳಿದವನ್ನು ನಂಜೇಶನ ಬೆರಳು ಹಿಡಿದು ಮಡಿಸಿದರು. ರಿಸೀವರನ್ನೂ ಸಾಲ ಕೊಟ್ಟ ಪ್ರತಿಯೊಬ್ಬರನ್ನೂ ಪ್ರತಿವಾದಿ ಮಾಡಬೇಕು. ಕೊಟ್ಟ ಕಾಗದವೆಲ್ಲದರ ಪ್ರತಿ ಅಷ್ಟೂ ಜನಕ್ಕೆ ತಲುಪಬೇಕು. ಇದೆಲ್ಲ ಗಡುವಿನೊಳಗೆ ಆಗಬೇಕು. "ಗಡುವು ದಾಟ್ತು ಅಂದ್ರೆ ಬಾಗಿಲು ಬಿತ್ತು ಅಂತ್ಲೇ ಲೆಕ್ಕ. ನಕಲು ಕೈಗೆ ಬಂದ ದಿನಾನೇ ಓಡ್ಬಾ" ಎಂದು ಕಿರುಬೆರಳನ್ನು ಒತ್ತಿ ಹೇಳಿದರು.

ನಕಲು ಕೈಗೆ ಬಂತು. ಮರುದಿನವೇ ಆಷಾಢ ಹುಟ್ಟಿತು. ನಂಜೇಶ ನಕಲನ್ನು ದೇವರ ಫೋಟೋದ ಮುಂದೆ ಇಟ್ಟು, ನಾಲ್ಕು ಮೂಲೆಗೂ ಕುಂಕುಮ ಹಚ್ಚಿ, ಕೈಮುಗಿದು, ಶ್ರಾವಣ ಬರಲಿ ಎಂದು ಕಾದ. ಹೊಸ ಕೆಲಸಕ್ಕೆ ಆಷಾಢದಲ್ಲಿ ಕೈಹಾಕುವವರು ನಮ್ಮಲ್ಲಿ ಯಾರೂ ಇಲ್ಲ. ಹೊಸ ಮದುಮಕ್ಕಳನ್ನೇ ಬೇರೆ ಬೇರೆ ಊರಲ್ಲಿ ಇಡುವ ತಿಂಗಳು ಅದು, ಇನ್ನು ಕೊಪ್ಪರಿಗೆಯನ್ನು ಮನೆಗೆ ಕರೆಯುವುದೆಂತು. ಮದುವೆ ಇಲ್ಲ, ಪಾತ್ರೆ ಇಲ್ಲ, ಕೆಲಸ ಇಲ್ಲ ಎಂದು ಶ್ರೀರಂಗಪಟ್ಟಣಕ್ಕೆ ಬಂದು ನನ್ನ ಮನೆಯ ದಿವಾನದ ಮೇಲೆ ಮಲಗಿದ. ಮೈ ಸರಿಯಿಲ್ಲ ಎನ್ನುತ್ತಿದ್ದ. ನಾನು ಕಾಲೇಜಿಗೆ ಹೋಗುವಾಗ ಮಲಗಿರುತ್ತಿದ್ದ, ಬಂದಾಗಲೂ ಮಲಗಿರುತ್ತಿದ್ದ. ನಡುವೆ ಎದ್ದಿದ್ದನೆಂಬುದಕ್ಕೆ ಚಕ್ಕುಲಿ ಡಬ್ಬದ ಸಾಕ್ಷ್ಯ ಮಾತ್ರ ಇತ್ತು. ನಕಲಿನ ವಿಷಯ ನನಗೆ ಗೊತ್ತೇ ಇರಲಿಲ್ಲ. ಅಥವಾ ಹೇಳಿದ್ದನೇನೋ, ನಾನು ಪರೀಕ್ಷೆಯ ಪೇಪರು ತಿದ್ದುತ್ತಾ ಹೂಂ ಎಂದಿದ್ದೆನೇನೋ. ಹೇಳಿದ್ದೆ ಎಂದು ಅವನು ಅನ್ನುತ್ತಾನೆ. ಇಂಥ ವಿಚಾರದಲ್ಲಿ ನಾನು ವಾದಕ್ಕೆ ನಿಲ್ಲುವುದಿಲ್ಲ.

ಶ್ರಾವಣದ ಮೊದಲ ಶುಕ್ರವಾರ, ರಾಹುಕಾಲ ಕಳೆದ ಮೇಲೆ, ಹೊಸ ಪಂಚೆ ಉಟ್ಟು ನಂಜೇಶ ಜವರಯ್ಯನವರ ಮುಂದೆ ನಕಲು ಇಟ್ಟ. ಪಕ್ಕದಲ್ಲಿ ನಾನಿದ್ದೆ. ಜವರಯ್ಯನವರು ಮೊದಲು ಕುಂಕುಮ ನೋಡಿ, "ಇದ್ಯಾವ ಕೋರ್ಟಿಂದಯ್ಯಾ ಸೀಲು?" ಎಂದರು. ಆಮೇಲೆ ತಾರೀಕು ನೋಡಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಗೊಬ್ಬರದ ವಾಸನೆ ಕುಡಿದರು.

"ಗಡುವು ಮುಗ್ದೋಗದಲ್ಲಯ್ಯಾ."

"ಆಷಾಢ ಬಂದ್ಬುಡ್ತಲ್ಲ ಸಾ. ಆಷಾಢದಲ್ಲಿ ಎಂಗ್ ಸಾ ಆಕದು? ಗೆಲ್ಲದು ಬ್ಯಾಡ್ವಾ?"

"ಅದ್ನ ಜಡ್ಜ್ ಮುಂದೆ ಹೇಳ್ತೀಯಾ?"

"ಅವ್ರ ಮನೇಲೂ ಆಷಾಢ ಮಾಡ್ತಾರಲ್ವಾ ಸಾ?"

ಸತ್ಯವನ್ನೇ ಬರೆಯೋಣ ಎಂದು ನಾನು ಹೇಳಿದೆ. ಜವರಯ್ಯನವರು ನನ್ನನ್ನು ಪ್ರೀತಿಯಿಂದ ನೋಡಿದರು. ತಡವನ್ನು ಮನ್ನಿಸಿ ಎಂದು ಬೇರೆ ಅರ್ಜಿ ಹಾಕಬಹುದು, ಆದರೆ ತಡವಾದ ಪ್ರತಿಯೊಂದು ದಿನಕ್ಕೂ ತಕ್ಕ ಕಾರಣ ಕೊಡಬೇಕು, ಪ್ರಮಾಣಪತ್ರದ ಮೇಲೆ ಕೊಡಬೇಕು ಎಂದರು. ನಿನ್ನೆ ಯಾವ ಪಲ್ಯ ಮಾಡಿದೆ ಎಂಬುದೇ ನನಗೆ ನೆನಪಿರುವುದಿಲ್ಲ, ಒಂದೊಂದು ದಿನಕ್ಕೂ ಒಂದೊಂದು ಕಾರಣ ಎಲ್ಲಿಂದ ತರುವುದು ಎಂದು ಕೇಳಿದೆ. "ಅದಕ್ಕೇ ಮೇಡಂ ಕಾಮಾಲೆ ಅನ್ನೋದು. ಕಾಮಾಲೆ ಬಂದ್ರೆ ದಿನಾ ಒಂದೇ ಕಾರಣ. ಟೈಫಾಯ್ಡು ಬೇಗ ವಾಸಿಯಾಗ್ಬುಡ್ತದೆ, ಸಾಲಲ್ಲ. ಕಾಲು ಮುರೀತು ಅಂದ್ರೆ ಎಕ್ಸರೇ ಕೇಳ್ತಾರೆ. ಕಾಮಾಲೆಗೆ ನಾಟಿ ಔಷಧಿ ಕುಡ್ದೆ ಅಂದ್ರೆ ಬಿಲ್ಲೂ ಇಲ್ಲ, ಸರ್ಟಿಫಿಕೇಟೂ ಇಲ್ಲ." ಹಾಗೆಂದು ನಂಜೇಶನ ಕಡೆ ತಿರುಗಿ, "ಮಲಗಿದ್ದು ನಿಜ ತಾನೇ?" ಎಂದರು.

"ಮಲ್ಗಿದ್ನಲ್ಲ. ಅಕ್ಕನ್ನೇ ಕೇಳಿ. ಸುಸ್ತು ಅಂದ್ರೆ ಸುಸ್ತು."

"ಮೇಡಂ, ಕಣ್ಣು ಹಳದಿ ಇತ್ತಾ?"

ಇಲ್ಲಿ ನಾನು ಇಲ್ಲ ಎಂದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ಇಲ್ಲ ಎನ್ನಲು ಆಧಾರ ಬೇಕಲ್ಲ. ನಮ್ಮ ನಡುಮನೆಯ ಕಿಟಕಿಗೆ ಹಳದಿ ಪರದೆ ಇದೆ. ಸಂಜೆಯ ಬಿಸಿಲು ಬಿದ್ದರೆ ದಿವಾನದ ಮೇಲೆ ಕುಳಿತವರೆಲ್ಲ ಹಳದಿ. ನಮ್ಮ ಯಜಮಾನರು ಹಳದಿ, ಬೆಕ್ಕು ಹಳದಿ. ನಂಜೇಶ ಹಳದಿಯಾಗಿ ಕಂಡದ್ದು ನಿಜ. ಅದು ಪರದೆಯಿಂದಲೋ ಪಿತ್ತದಿಂದಲೋ ಎಂದು ಆಗ ಯಾರು ಪರೀಕ್ಷೆ ಮಾಡಿದರು? "ಸ್ವಲ್ಪ ಇದ್ದ ಹಾಗಿತ್ತು" ಎಂದೆ. ಜವರಯ್ಯನವರು ಇದ್ದ ಹಾಗಿತ್ತು ಎಂಬುದನ್ನು ಬಿಟ್ಟು, ಸ್ವಲ್ಪ ಎಂಬುದನ್ನೂ ಬಿಟ್ಟು, ಉಳಿದದ್ದನ್ನು ಟೈಪ್ ಮಾಡಿಸಿದರು. ಕೊನೆಯಲ್ಲಿ 'ನನ್ನ ತಿಳಿವಳಿಕೆ ಮತ್ತು ನಂಬಿಕೆಯ ಮಟ್ಟಿಗೆ ನಿಜ' ಎಂದು ಒಂದು ಸಾಲು ಇತ್ತು. ಇತಿಹಾಸದ ಪುಸ್ತಕಗಳಿಗೂ ಇಂಥದೊಂದು ಸಾಲು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಳ್ಳುತ್ತಾ ಸಹಿ ಹಾಕಿದೆ.

ವಿಧಿವಿಧಾನದಲ್ಲಿ ನಂಜೇಶನ ಎರಡನೆಯ ಬೆರಳೊಂದಿತ್ತಲ್ಲ, ಕಾಗದವೆಲ್ಲದರ ಪ್ರತಿ ಸಾಲ ಕೊಟ್ಟ ಎಲ್ಲರಿಗೂ ತಲುಪಬೇಕು ಎಂಬುದು, ಅದನ್ನು ನಾವು ಯಾರೂ ಸರಿಯಾಗಿ ಯೋಚಿಸಿರಲಿಲ್ಲ. ಅಡುಗೆಯವನಿಗೆ ಸಾಲ ಕೊಡುವವರು ಯಾರು? ಮಟನ್ ಅಂಗಡಿಯವರು, ದಿನಸಿಯವರು, ಸೌದೆ ಡಿಪೋದವರು, ಎಲೆ ಮಂಡಿಯವರು. ಅವನಿಂದ ಅಡುಗೆ ಮಾಡಿಸುವವರು ಯಾರು? ಅವರೇ, ಅವರ ಬೀಗರು, ಅವರ ಬೀಗರ ಬೀಗರು. ನಾನು ಸಹಿ ಮಾಡಿದ ಪ್ರಮಾಣಪತ್ರ ರಿಜಿಸ್ಟರ್ ಅಂಚೆಯಲ್ಲಿ ಅವರೆಲ್ಲರ ಗಲ್ಲಾ ಪೆಟ್ಟಿಗೆಗೆ ತಲುಪಿತು. ವಾರ ಕಳೆಯುವಷ್ಟರಲ್ಲಿ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ ಮೂರೂ ಕಡೆ, ಸಾರು ಮಾಡುವ ನಂಜೇಶನಿಗೆ ಕಾಮಾಲೆಯಂತೆ, ಕೋರ್ಟಿನಲ್ಲೇ ಬರೆದಿದ್ದಾರಂತೆ, ಅವರಕ್ಕ ಲೆಕ್ಚರರ್ ಅಂತೆ, ಸುಳ್ಳು ಹೇಳುವವರಲ್ಲವಂತೆ ಎಂದು ಸುದ್ದಿ ಹಬ್ಬಿತು. ಪಾತ್ರೆ ಬಾಡಿಗೆಗೆ ತಂದಾದರೂ ಮಾಡುತ್ತೇನೆ ಎಂದು ಅವನು ಒಪ್ಪಿಕೊಂಡಿದ್ದ ಊಟಗಳೆಲ್ಲ ಒಂದೊಂದಾಗಿ ಬಿದ್ದುಹೋದವು.

ಮಟನ್ ಸ್ಟಾಲಿನ ಖಾದರ್ ಭಾಯಿ ನನಗೇ ಫೋನು ಮಾಡಿದರು. ನಂಜೇಶನಿಗೆ ಎಲ್ಲರಿಗಿಂತ ಹೆಚ್ಚು ಸಾಲ ಕೊಟ್ಟವರು ಅವರು, ಅವನ ಸಾರನ್ನು ಎಲ್ಲರಿಗಿಂತ ಹೆಚ್ಚು ಇಷ್ಟಪಡುವವರೂ ಅವರೇ. "ಮೇಡಂ, ದುಡ್ಡು ಹೋಗ್ಲಿ ಬುಡಿ, ಪರ್ವಾ ನಹೀ. ಮಗಳ ಶಾದಿ ಇಟ್ಕೊಂಡಿದೀನಿ. ಅವನ ಕೈಯಿಂದ್ಲೇ ಅಡ್ಗೆ ಅಂತ ಬೀಗ್ರಿಗೆ ಜಬಾನ್ ಕೊಟ್ಬುಟ್ಟಿದೀನಿ. ಸಚ್ ಹೇಳಿ, ಪೀಲಿಯಾ ಬಂದಿತ್ತಾ?" ನಾನು ಬಾಯಿ ತೆರೆದೆ. ಬಂದಿರಲಿಲ್ಲ ಎಂದರೆ ಪ್ರತಿವಾದಿಯ ಮುಂದೆ ನನ್ನ ಪ್ರಮಾಣವನ್ನು ನಾನೇ ಅಳಿಸಿದಂತೆ, ಕೊಪ್ಪರಿಗೆ ಹರಾಜಿಗೆ ಹೋಗುತ್ತದೆ. ಬಂದಿತ್ತು ಎಂದರೆ ಕೊಪ್ಪರಿಗೆ ಬರುತ್ತದೆ, ಅದರಲ್ಲಿ ಬೇಯಿಸಿದ್ದನ್ನು ತಿನ್ನುವವರು ಬರುವುದಿಲ್ಲ. "ಈಗ ವಾಸಿಯಾಗ್ತಿದೆ" ಎಂದೆ. ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಸಂಜೆಯೊಳಗೆ ಸುದ್ದಿ ಇನ್ನೂ ವಾಸಿಯಾಗಿಲ್ಲವಂತೆ ಎಂದಾಗಿತ್ತು.

ಅಷ್ಟರಲ್ಲಿ ನಾಗಮಂಗಲದಿಂದ ನಮ್ಮ ಸಾಕಮ್ಮ ಚಿಕ್ಕಮ್ಮ ನನ್ನ ಮನೆಗೇ, ಇನ್ನೂ ದಿವಾನ ಬಿಡದಿದ್ದ ನಂಜೇಶನನ್ನು ಹುಡುಕಿಕೊಂಡು ಬಂದಿಳಿದರು. ಒಂದು ಕೈಯಲ್ಲಿ ನೆಲನೆಲ್ಲಿ ಸೊಪ್ಪಿನ ಕಟ್ಟು, ಇನ್ನೊಂದರಲ್ಲಿ ಮೇಕೆ ಹಾಲಿನ ಕ್ಯಾನು. ನಂಜೇಶ ಕೈಮುಗಿದ. "ಚಿಕ್ಕವ್ವ, ನಂಗೇನೂ ಆಗಿಲ್ಲ ಕಣವ್ವ. ಅದು ಕೋರ್ಟ್ಗೆ ಬರ್ದಿದ್ದು."

"ಕೋರ್ಟ್ಗೇ ಬರ್ಕೊಟ್ಟವ್ರೆ ಅಂದ್ಮ್ಯಾಲೆ ಇನ್ನೇನ್ಲಾ ಸುಳ್ಳಾದದಾ? ಯಾರ್ಲಾ ಬರ್ದಿದ್ದು?"

"ಅಕ್ಕ."

"ಅವ್ಳು ಓದ್ದೋಳು, ಅವ್ಳಿಗಿಂತ ನಿಂಗ್ ಹೆಚ್ಗೆ ಗೊತ್ತೇನ್ಲಾ? ಕುಡೀಲಾ, ಬಾಯ್ ಮುಚ್ಕಂಡು."

ಬಾಯಿ ಮುಚ್ಚಿಕೊಂಡು ಕುಡಿಯುವುದು ಹೇಗೆಂದು ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಹಸಿರು ಔಷಧಿ ಗಂಟಲಲ್ಲಿ ಇಳಿದ ಮೇಲೆ ಚಿಕ್ಕಮ್ಮ ಪಥ್ಯ ಹೇಳಿದರು. ಉಪ್ಪು ಇಲ್ಲ, ಹುಳಿ ಇಲ್ಲ, ಎಣ್ಣೆ ಇಲ್ಲ, ಬಾಡಿನ ವಾಸನೆ ಕೂಡ ಇಲ್ಲ. ಸಪ್ಪೆ ಅನ್ನ, ನೀರು ಮಜ್ಜಿಗೆ. ಕಾಮಾಲೆಗೆ ಕಬ್ಬಿನ ಹಾಲು ಒಳ್ಳೆಯದೆಂದು ಮಾಕವಳ್ಳಿಯ ನೆಂಟರು ಕೊಡಗಟ್ಟಲೆ ಕಳಿಸಿದರು. ನಂಜೇಶ ಕಾಲು ಕುಣಿಸುತ್ತಾ ಹಿತ್ತಿಲಿಗೂ ಮನೆಗೂ ಓಡಾಡಿದ. ಇದು ನ್ಯಾಯವೇ ಎಂದು ನಾನು ಜವರಯ್ಯನವರಿಗೆ ಫೋನು ಮಾಡಿದರೆ ಅವರು ಸಂತೋಷದಿಂದ, "ಕುಡೀಲಿ ಬುಡಿ ಮೇಡಂ. ಅಫಿಡವಿಟ್ಟು ಈಗ ನಿಜ ಆಗ್ತಾ ಅದೆ" ಎಂದರು. ಬರೀ ಸಪ್ಪೆ ಅನ್ನ ತಿಂದು ನಂಜೇಶ ಸೊರಗಿದ, ಕೆನ್ನೆ ಒಳಗೆ ಹೋಯಿತು. ಅವನನ್ನು ನೋಡಿದಾಗಲೆಲ್ಲ ನನಗೆ, ಆಷಾಢದಲ್ಲೂ ಇವನು ಹೀಗೇ ಇದ್ದನಲ್ಲವೇ ಅನಿಸತೊಡಗಿತು. ಉಗುರು ಕೂಡ ಹಳದಿ ಇದ್ದದ್ದು ನೆನಪಾಯಿತು. ಉಗುರಿನ ವಿಷಯ ನನ್ನನ್ನು ಯಾರೂ ಕೇಳಿರಲೇ ಇಲ್ಲ.

ವಿಚಾರಣೆಯ ದಿನ ಅವನನ್ನು ನೋಡಿದ ಮೇಲೆ ಕೋರ್ಟಿನಲ್ಲಿ ಯಾರಿಗೂ ಸಂಶಯ ಬರಲಿಲ್ಲ. ರಿಸೀವರು ಅಷ್ಟು ದೂರದಲ್ಲಿ ನಿಂತು ತಮ್ಮ ಆಕ್ಷೇಪಣೆ ಇಲ್ಲ ಎಂದರು. ಖಾದರ್ ಭಾಯಿ ಮೊದಲಾದವರು, ಅವನು ಅಡುಗೆ ಮಾಡಿದರೆ ತಾನೇ ನಮಗೂ ಏನಾದರೂ ಬರುವುದು, ಅವನ ಕಸುಬು ಅಡುಗೆಯೇ ಎಂದು ಹೇಳಿಕೆ ಕೊಟ್ಟರು. ತಡ ಮನ್ನಾ ಆಯಿತು. ಮುಂದೆ ಕೆಲವು ವಾಯಿದೆಗಳ ನಂತರ ಮೇಲ್ಮನವಿಯೂ ನಮ್ಮ ಕಡೆ ಆಯಿತು. ದಿವಾಳಿ ದಿವಾಳಿಯಾಗಿಯೇ ಉಳಿಯಿತು, ಕೊಪ್ಪರಿಗೆ ಮತ್ತು ದೊಣ್ಣೆ ಮಾತ್ರ ಟೆಂಪೋದಲ್ಲಿ ಕೆ.ಆರ್. ಪೇಟೆಗೆ ವಾಪಸು ಬಂದವು. ನಂಜೇಶ ಕೊಪ್ಪರಿಗೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಸಿ, ಅಂಗಳದಲ್ಲಿ ಇಟ್ಟುಕೊಂಡು ಕುಳಿತ. ಯಾರೂ ಬರಲಿಲ್ಲ. ಕಾರ್ತಿಕ ಬಂದರೆ ಸಾಲುಸಾಲು ಮದುವೆ. ಊಟದ ಮಾತು ಎತ್ತಿದರೆ, "ಇನ್ನೊಸಿ ಸುಧಾರಿಸ್ಕೊಳಪ್ಪ" ಎಂದು ಬೆನ್ನು ತಟ್ಟಿ ಹೋಗುವರು. ತಟ್ಟಿದ ಕೈಯನ್ನು ಆಚೆ ಹೋಗಿ ತೊಳೆಯುವರು.

ದಾರಿ ತೋರಿಸಿದವರು ಸಾಕಮ್ಮ ಚಿಕ್ಕಮ್ಮನೇ. ಔಷಧಿ ಕುಡಿದವರು ಪಥ್ಯ ಮುರಿಯಬೇಕು, ನಾಲ್ಕು ಜನರ ಮುಂದೆ ಮುರಿಯಬೇಕು. ಅಲ್ಲಿಗೆ ಕಾಯಿಲೆ ಹೋಯಿತೆಂದು ಲೆಕ್ಕ. "ಎಲ್ರನ್ನೂ ಕರ್ದು ಎಲೆ ಆಕು. ಉಂಡೋದೋರು ತಾವೇ ಯೋಳ್ಕಂಡು ತಿರುಗ್ತಾರೆ" ಎಂದರು. ಭಾನುವಾರ ಮಧ್ಯಾಹ್ನ ನಂಜೇಶನ ಅಂಗಳದಲ್ಲಿ ಊಟ. ಕುರಿ ಖಾದರ್ ಭಾಯಿಯದೇ, ಸೌದೆ ಡಿಪೋದವರದೇ, ದಿನಸಿ ದಿನಸಿಯವರದೇ. ಪ್ರತಿವಾದಿಗಳೆಲ್ಲ ಸಾಲಾಗಿ ಬಂದು ಕುಳಿತರು. ಜವರಯ್ಯನವರು ಕೊನೆಯಲ್ಲಿ ಕುಳಿತರು. ಕೊಪ್ಪರಿಗೆಯಲ್ಲಿ ಸಾರು ಕುದಿದು ಬೀದಿಯ ತುದಿಯವರೆಗೆ ವಾಸನೆ ಹೋಗಿತ್ತು. ನಂಜೇಶ ಎಲ್ಲರ ಮುಂದೆ ಒಂದು ತುಂಡು ತಿಂದು ಪಥ್ಯ ಮುರಿದು, ತಾನೇ ಬಡಿಸಿದ. ಎಲೆಯಲ್ಲಿ ಮುದ್ದೆ, ಮುದ್ದೆಯ ಸುತ್ತ ಸಾರು, ಮೇಲೆ ತುಂಡು.

ಯಾರೂ ಮುದ್ದೆ ಮುರಿಯಲಿಲ್ಲ. ಉಪ್ಪು ಹಾಕಿಸಿಕೊಂಡರು, ನಿಂಬೆಹಣ್ಣು ಹಿಂಡಿದರು, ಈರುಳ್ಳಿ ಕೇಳಿದರು. ಎಲೆಯ ಅಂಚನ್ನು ಸರಿಮಾಡಿದರು. ನಂಜೇಶ ಸೌಟು ಹಿಡಿದು ಸಾಲಿನ ಮಧ್ಯೆ ನಿಂತಿದ್ದ. ಸೌಟಿನಿಂದ ಸಾರು ತೊಟ್ಟಿಕ್ಕುತ್ತಿತ್ತು. ಅಂದು ಈ ಎಲೆಗಳು ಹಾಗೇ ಎದ್ದರೆ ಇನ್ನು ಅವನ ಒಲೆ ಹೊತ್ತುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಖಾದರ್ ಭಾಯಿ ನನ್ನ ಕಡೆ ತಿರುಗಿದರು. "ಮೇಡಂ, ಅವನಿಗೆ ಇತ್ತು ಅಂತ ಕಸಮ್ ಹಾಕಿ ಬರ್ದೋರು ನೀವು. ಈಗ ಇಲ್ಲ ಅನ್ನೋದೂ ನೀವೇ ಹೇಳ್ಬೇಕು. ನೀವೇ ಬಿಸ್ಮಿಲ್ಲಾ ಮಾಡಿ."

ಎಲ್ಲರೂ ನನ್ನ ಎಲೆಯನ್ನು ನೋಡಿದರು. ಇದಕ್ಕಿಂತ ಸುಲಭದ ಕೆಲಸ ಯಾವುದು? ಚಿಕ್ಕಂದಿನಿಂದ ಅವನ ಕೈಯ ಊಟ ತಿಂದವಳು. ಅವನಿಗೆ ಕಾಯಿಲೆ ಬಂದೇ ಇರಲಿಲ್ಲ ಎಂದು ಗೊತ್ತಿರುವ ಮೂವರಲ್ಲಿ ಒಬ್ಬಳು. ಮುದ್ದೆ ಮುರಿದೆ, ಸಾರಿನಲ್ಲಿ ಅದ್ದಿದೆ, ಕೈಯನ್ನು ಬಾಯಿಯ ತನಕ ತಂದೆ. ಕೈ ಅಲ್ಲೇ ನಿಂತಿತು. ನಾನು ನಿಲ್ಲಿಸಲಿಲ್ಲ, ಅದೇ ನಿಂತಿತು. ಆ ಉಗುರು ಹಳದಿ ಇತ್ತಲ್ಲ. ಔಷಧಿಯನ್ನು ಪೂರ್ತಿ ಕುಡಿದಿದ್ದಾನೋ, ಚಿಕ್ಕಮ್ಮ ಅತ್ತ ಹೋದಾಗ ಬಚ್ಚಲಿಗೆ ಸುರಿದಿದ್ದಾನೋ ಎಂಬ ಯೋಚನೆ ಬಂತು. ನಂಜೇಶ ನನ್ನ ಮುಖವನ್ನೇ ನೋಡುತ್ತಿದ್ದ.

"ಅಕ್ಕ" ಎಂದು ಮೆಲ್ಲಗೆ ಅಂದ. "ನೀನೂ ನಂಬ್ಕಂಡ್ಬುಟ್ಟಾ?"

ನುಂಗಿದೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು. ಅದು ಒಳ್ಳೆಯದೇ ಆಯಿತು. ಎರಡನೆಯ ತುತ್ತಿಗೆ ರುಚಿ ಗೊತ್ತಾಯಿತು, ಮೂರನೆಯದಕ್ಕೆ ಉಗುರು ಮರೆತುಹೋಯಿತು. ಪ್ರತಿವಾದಿಗಳು ನನ್ನನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ, ಸಾಯುವ ಲಕ್ಷಣ ಕಾಣದೆ, ಒಬ್ಬೊಬ್ಬರಾಗಿ ಕೈಹಾಕಿದರು. ಆಮೇಲೆ ಅಂಗಳದ ತುಂಬ ಸಾರು ಸುರಿಯುವ ಸದ್ದು. ಖಾದರ್ ಭಾಯಿ ಎಲೆ ಮಡಿಸುವ ಮೊದಲೇ, "ಶಾದಿ ಊಟ ನಿಂದೇ ಕಣ್ಲಾ" ಎಂದುಬಿಟ್ಟರು. ನಂಜೇಶ ಕೊಪ್ಪರಿಗೆಯ ಹಿಂದೆ ಹೋಗಿ ಮುಖ ಒರೆಸಿಕೊಂಡು ಬಂದ. ಹೊಗೆ ಎಂದ.

ಈಗ ಅವನಿಗೆ ಕೈತುಂಬ ಕೆಲಸ. ನನ್ನದೇ ಒಂದು ಸಣ್ಣ ವಿಷಯ ಉಳಿದಿತ್ತು. ಊಟವಾದ ಮರುದಿನದಿಂದ ಬೆಳಗ್ಗೆ ಎದ್ದ ಕೂಡಲೇ ಕನ್ನಡಿಯ ಮುಂದೆ ನಿಂತು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿಕೊಳ್ಳುವ ಅಭ್ಯಾಸವಾಯಿತು. ಬೆಳ್ಳಗೇ ಇದ್ದ ಹಾಗಿತ್ತು. ಆದರೆ ಇದ್ದ ಹಾಗಿತ್ತು ಎಂಬುದರ ಬೆಲೆ ನನಗೆ ಗೊತ್ತಿದೆಯಲ್ಲ. ಶ್ರೀರಂಗಪಟ್ಟಣದಲ್ಲಿ ಪರೀಕ್ಷೆ ಮಾಡಿಸಿದರೆ ನಂಜೇಶನಿಗೆ ತಿಳಿದು ಬೇಸರವಾದೀತು ಎಂದು, ಕಾಲೇಜಿಗೆ ಅರ್ಧ ದಿನ ರಜೆ ಹಾಕಿ, ಪಾಂಡವಪುರದ ಒಂದು ರಕ್ತ ಪರೀಕ್ಷೆಯ ಲ್ಯಾಬಿಗೆ ಹೋಗಿ ತಲೆಗೆ ಸೆರಗು ಹೊದ್ದು ಕುಳಿತೆ. ಪಕ್ಕದ ಕುರ್ಚಿಯಲ್ಲಿ ಪೇಪರಿನ ಹಿಂದೆ ಮುಖ ಇಟ್ಟುಕೊಂಡು ಯಾರೋ ಕುಳಿತಿದ್ದರು. ಪುಟ ತಿರುವುವಾಗ ನೋಡಿದರೆ ಜವರಯ್ಯನವರು.

"ಶುಗರ್ ಟೆಸ್ಟಿಗೆ ಬಂದೆ" ಎಂದೆ.

"ನಾನೂ ಶುಗರ್‌ಗೇ ಮೇಡಂ" ಎಂದರು.

ಒಳಗಿನಿಂದ ಲ್ಯಾಬಿನ ಹುಡುಗಿ ಚೀಟಿ ನೋಡಿಕೊಂಡು, "ಕಾಮಾಲೆ ಟೆಸ್ಟ್‌ಗೆ ಕೊಟ್ಟಿರೋರು ಬನ್ನಿ" ಎಂದು ಕರೆದಳು. ಇಬ್ಬರೂ ಒಟ್ಟಿಗೆ ಎದ್ದೆವು.